ಅಧಿವೇಶನಕ್ಕೆ ಮುಂಚಿನ ವಾರಗಳಲ್ಲಿ ಏನು ನಡೆಯುತ್ತದೆ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ರೈತ. ನಮ್ಮ ಬಯಲು ಉಪನಾಲೆಯ ಕೊನೆ ಭಾಗದಲ್ಲಿದೆ. ಮೂರು ವರ್ಷದಿಂದ ನೀರು ಸರಿಯಾಗಿ ಮುಟ್ಟುತ್ತಿಲ್ಲ. ಕಳೆದ ಸಲ ಅಧಿವೇಶನ ಶುರುವಾಯಿತು ಅಂತ ಪೇಪರ್‌ನಲ್ಲಿ ಓದಿ, ಹತ್ತು ಜನ ಸೇರಿ ಶಾಸಕರ ಮನೆಗೆ ಹೋದೆವು. ‘ಈ ಸಲ ಪ್ರಶ್ನೆ ಹಾಕೋ ಟೈಮ್ ಮುಗೀತು ಕಣಣ್ಣ, ಮುಂದಿನ ಸಲ ನೋಡೋಣ’ ಅಂದರು. ಇದು ನಿಜವಾ, ಇಲ್ಲ ಸಾಗಹಾಕೋ ಮಾತಾ? ಅಧಿವೇಶನಕ್ಕೆ ಮುಂಚೆ ಅಲ್ಲಿ ಏನೇನು ತಯಾರಿ ಆಗುತ್ತೆ? ನಾವು ಯಾವಾಗ ಹೋಗಬೇಕಿತ್ತು?

ಉತ್ತರ: ನಿಮ್ಮ ಶಾಸಕರು ಹೇಳಿದ್ದರಲ್ಲಿ ಅರ್ಧ ನಿಜ. ಪ್ರಶ್ನೆ ಕೊಡುವ ಗಡುವು ಮುಗಿದಿತ್ತು, ಅದು ಸರಿ. ಆದರೆ ಆ ಅಧಿವೇಶನದಲ್ಲೇ ನಿಮ್ಮ ನಾಲೆಯ ವಿಷಯ ಎತ್ತುವುದಕ್ಕೆ ಬೇರೆ ದಾರಿಗಳು ಇದ್ದವು. ಅದನ್ನು ಅವರು ಹೇಳಲಿಲ್ಲ. ಆ ದಾರಿಗಳ ಮಾತಿಗೆ ಆಮೇಲೆ ಬರುತ್ತೇನೆ.

ನಾನು ವಿಧಾನಮಂಡಲದ ಸಚಿವಾಲಯದಲ್ಲಿ, ಹೆಚ್ಚಾಗಿ ಪ್ರಶ್ನೆಗಳ ಶಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಈಗ ಮೈಸೂರಿನಲ್ಲಿದ್ದೇನೆ. ಊರಿನ ಜನ ಟಿ.ವಿ.ಯಲ್ಲಿ ಕಲಾಪ ನೋಡಿ ‘ಅಧಿವೇಶನ ಶುರುವಾಯ್ತು’ ಅನ್ನುತ್ತಾರೆ. ನಮ್ಮ ಮಟ್ಟಿಗೆ ಅಷ್ಟು ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತಿತ್ತು. ಯಾವ ಪ್ರಶ್ನೆಗೆ ಯಾರು ಉತ್ತರಿಸಬೇಕು, ಯಾವ ಮಸೂದೆ ಬರುತ್ತದೆ, ಯಾವ ವಿಷಯಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂಬುದರಲ್ಲಿ ಬಹುಪಾಲು ಮೊದಲೇ ನಿಂತಿರುತ್ತದೆ. ಅದಕ್ಕೇ ನಿಮ್ಮಂಥವರು ತಡವಾಗಿ ಬಂದು ಬರಿಗೈಯಲ್ಲಿ ವಾಪಸ್ ಹೋಗುವುದನ್ನು ಕಂಡರೆ ಸಂಕಟವಾಗುತ್ತದೆ.

ಮೊದಲಿನಿಂದ ಹೇಳುತ್ತೇನೆ. ಅಧಿವೇಶನ ಕರೆಯುವವರು ರಾಜ್ಯಪಾಲರು. ಸಂವಿಧಾನದ 174ನೇ ವಿಧಿ ಅವರಿಗೆ ಆ ಅಧಿಕಾರ ಕೊಟ್ಟಿದೆ. ಆದರೆ ತಮಗೆ ತೋಚಿದಾಗ ಕರೆಯುವ ಹಾಗಿಲ್ಲ, ಸಂಪುಟದ ಸಲಹೆಯಂತೆ ಕರೆಯಬೇಕು. ಅರುಣಾಚಲ ಪ್ರದೇಶದ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಹಾಗಾಗಿ ದಿನಾಂಕ ಮತ್ತು ಜಾಗ ನಿಗದಿಯಾಗುವುದು ಸಚಿವ ಸಂಪುಟದ ಸಭೆಯಲ್ಲಿ. ಅದೇ 174ನೇ ವಿಧಿಯಲ್ಲಿ ಇನ್ನೊಂದು ಕಟ್ಟುಪಾಡು ಇದೆ: ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನ ಅಧಿವೇಶನದ ಮೊದಲ ದಿನಕ್ಕೂ ನಡುವೆ ಆರು ತಿಂಗಳು ದಾಟಬಾರದು. ಇದಲ್ಲದೆ ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಅಂತ ಕರ್ನಾಟಕವೇ 2005ರಲ್ಲಿ ಒಂದು ಕಾಯ್ದೆ ಮಾಡಿಕೊಂಡಿದೆ. ಆ 60 ದಿನ ತುಂಬುವುದು ಬಹಳ ಅಪರೂಪ. ಇದರ ಬಗ್ಗೆ ನನಗೆ ನಿಜವಾಗಿಯೂ ಬೇಸರವಿದೆ. ದಿನ ಕಡಿಮೆಯಾದರೆ ಮೊದಲು ಜಾಗ ಕಳೆದುಕೊಳ್ಳುವುದು ನಿಮ್ಮ ಉಪನಾಲೆಯಂಥ ಸಣ್ಣ ವಿಷಯಗಳೇ.

ಸಂಪುಟದಲ್ಲಿ ತೀರ್ಮಾನವಾಗಿ, ರಾಜ್ಯಪಾಲರ ಸಹಿ ಬಿದ್ದ ಮೇಲೆ ಅಧಿಸೂಚನೆ ಹೊರಡುತ್ತದೆ. ವಿಧಾನಸಭೆಯ 224 ಸದಸ್ಯರಿಗೂ ವಿಧಾನ ಪರಿಷತ್ತಿನ 75 ಸದಸ್ಯರಿಗೂ ಅವರವರ ಸದನದ ಕಾರ್ಯದರ್ಶಿಯಿಂದ ಆಹ್ವಾನ ಪತ್ರ ಹೋಗುತ್ತದೆ. ಅದರ ಜೊತೆಗೆ ಲಘು ಪ್ರಕಟಣೆಗಳು, ಅಂದರೆ ಸದಸ್ಯರಿಗೆ ಸಚಿವಾಲಯ ಕಳಿಸುವ ಸೂಚನಾ ಪತ್ರಗಳು, ಬರಲು ಶುರುವಾಗುತ್ತವೆ. ಯಾವ ದಿನ ಯಾವ ಇಲಾಖೆಯ ಸಚಿವರು ಉತ್ತರ ಕೊಡಬೇಕು, ಆ ದಿನದ ಪ್ರಶ್ನೆಗಳನ್ನು ಯಾವ ತಾರೀಕಿನೊಳಗೆ ಕೊಡಬೇಕು ಅನ್ನುವ ಪಟ್ಟಿ ಇರುವುದು ಅದರಲ್ಲೇ. ನೀವು ಕಾಯಬೇಕಾದ್ದು ಈ ಕಾಗದಕ್ಕೆ. ‘ಸಂಪುಟದಲ್ಲಿ ಅಧಿವೇಶನದ ದಿನಾಂಕ ನಿಗದಿ’ ಅಂತ ಸುದ್ದಿ ಬಂದ ವಾರವೇ ಶಾಸಕರ ಕಚೇರಿಗೆ ಹೋಗಿ, ಜಲಸಂಪನ್ಮೂಲ ಇಲಾಖೆಯ ಸರದಿ ಯಾವತ್ತು, ಪ್ರಶ್ನೆ ಕೊಡಲು ಕೊನೆಯ ದಿನ ಯಾವುದು ಅಂತ ಅವರ ಆಪ್ತ ಸಹಾಯಕರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಎದ್ದು ನಿಂತು ಉತ್ತರಿಸಬೇಕು. ಶಾಸಕರು ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಎಲ್ಲರಿಗೂ ಚುಕ್ಕೆ ಗುರುತಿನದ್ದೇ ಬೇಕು, ಟಿ.ವಿ.ಯಲ್ಲಿ ಬರುತ್ತದಲ್ವಾ. ಆದರೆ ಒಂದು ದಿನಕ್ಕೆ ಹಿಡಿಸುವುದು ಕೆಲವೇ ಪ್ರಶ್ನೆ. ನಿಮ್ಮದರಂಥ ವಿಷಯಕ್ಕೆ ಲಿಖಿತ ಉತ್ತರ ಏನೂ ಕಡಿಮೆಯಲ್ಲ. ಅಂಕಿಅಂಶ ಪೂರ್ತಿಯಾಗಿ ಅಚ್ಚಾಗಿ ಕೈಗೆ ಬರುತ್ತದೆ.

ಈಗ ಆ ಪ್ರಶ್ನೆ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಶಾಸಕರು ಸಹಿ ಮಾಡಿ ಸಚಿವಾಲಯಕ್ಕೆ ಕೊಡುತ್ತಾರೆ. ಶಾಖೆಯಲ್ಲಿ ಅದನ್ನು ನಿಯಮಕ್ಕೆ ಹಿಡಿದು ನೋಡುತ್ತಾರೆ. ವಾದ, ಆರೋಪ, ವ್ಯಂಗ್ಯ ಇದ್ದರೆ ತೆಗೆಯುತ್ತಾರೆ. ನ್ಯಾಯಾಲಯದಲ್ಲಿರುವ ವಿಷಯ ಅಂತ ಕಂಡರೆ ತಿರಸ್ಕಾರ ಆಗಬಹುದು. ಸಭಾಧ್ಯಕ್ಷರು ಒಪ್ಪಿದ ಮೇಲೆ ಪ್ರಶ್ನೆ ಇಲಾಖೆಗೆ ಹೋಗುತ್ತದೆ. ವಿಧಾನಸೌಧದ ಇಲಾಖೆಯಲ್ಲಿ ನಿಮ್ಮ ಉಪನಾಲೆಯ ಲೆಕ್ಕ ಎಲ್ಲಿರುತ್ತದೆ? ಅಲ್ಲಿಂದ ಅದು ಮುಖ್ಯ ಎಂಜಿನಿಯರ್ ಕಚೇರಿಗೆ, ಅಲ್ಲಿಂದ ಕಾರ್ಯಪಾಲಕ ಎಂಜಿನಿಯರ್‌ಗೆ, ಕೊನೆಗೆ ನಿಮ್ಮ ತೂಬಿನ ಹತ್ತಿರ ಓಡಾಡುವ ಸಹಾಯಕ ಎಂಜಿನಿಯರ್ ಮೇಜಿಗೆ ಇಳಿಯುತ್ತದೆ. ಆತ ಅಳತೆ ಪುಸ್ತಕ, ಬಿಲ್ಲು, ನೀರು ಬಿಟ್ಟ ದಾಖಲೆ ತೆಗೆದು ಬರೆಯಬೇಕು. ಬರೆದದ್ದು ಅದೇ ಮೆಟ್ಟಿಲು ಹತ್ತಿ ಸಚಿವರ ಸಹಿಗೆ ವಾಪಸ್ ಬರಬೇಕು. ಆಮೇಲೆ ಅಚ್ಚು. ಅಧಿವೇಶನದ ಹೊತ್ತಿಗೆ ತಾಲ್ಲೂಕು ಮಟ್ಟದ ಕಚೇರಿಗಳಲ್ಲಿ ರಜೆ ಸಿಗುವುದು ಕಷ್ಟ, ರಾತ್ರಿ ತನಕ ದೀಪ ಉರಿಯುತ್ತದೆ. ‘ಎಲ್‌ಎಕ್ಯೂ ಬಂದಿದೆ’ ಅಂದರೆ ಸಾಕು, ಎಲ್ಲರೂ ಬೇರೆ ಕೆಲಸ ಪಕ್ಕಕ್ಕಿಡುತ್ತಾರೆ. ಎಲ್‌ಎಕ್ಯೂ ಅಂದರೆ ವಿಧಾನಸಭೆಯ ಪ್ರಶ್ನೆ. ಪರಿಷತ್ತಿನದಾದರೆ ಎಲ್‌ಸಿಕ್ಯೂ. ಇಷ್ಟೆಲ್ಲ ಓಡಾಟಕ್ಕೆ ದಿನ ಬೇಕು. ನಿಮಗೆ ಗಡುವು ಅಂತ ಹೇಳಿದ್ದು ಇದಕ್ಕೇ.

ಇಲ್ಲಿ ನನ್ನ ಅನುಭವದ ಒಂದು ಮಾತು ಹೇಳಲೇಬೇಕು. ಸಾವಿರಾರು ಪ್ರಶ್ನೆಗಳು ನನ್ನ ಕೈಮೇಲೆ ಹೋಗಿವೆ. ಕೆಟ್ಟ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದದ್ದು ನಾನು ಕಂಡಿಲ್ಲ. ಒಂದು ಸಲ ಒಬ್ಬ ಸದಸ್ಯರು ಪ್ರಶ್ನೆ ಕೊಟ್ಟಿದ್ದರು. ‘ನಮ್ಮ ತಾಲ್ಲೂಕಿನ ನಾಲೆಗಳು ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡಿರುವ ಕ್ರಮಗಳೇನು?’ ಅಂತ. ಉತ್ತರ ಎರಡೇ ಸಾಲು: ‘ಬಂದಿದೆ. ಅನುದಾನದ ಲಭ್ಯತೆಗೆ ಅನುಗುಣವಾಗಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು.’ ಮುಗಿಯಿತು. ಅಧಿಕಾರಿಗಳನ್ನು ಬೈದು ಪ್ರಯೋಜನವಿಲ್ಲ, ಪ್ರಶ್ನೆಯೇ ಅವರಿಗೆ ಆ ಬಾಗಿಲು ತೆರೆದಿಟ್ಟಿತ್ತು.

ನಿಮ್ಮ ಪ್ರಶ್ನೆ ಹೀಗಿರಲಿ. ಸದನದ ಪ್ರಶ್ನೆಗಳನ್ನು ಅ, ಆ, ಇ, ಈ ಅಂತ ಭಾಗ ಮಾಡಿ ಬರೆಯುವ ರೂಢಿ ಇದೆ, ನೀವೂ ಹಾಗೇ ಬರೆದುಕೊಡಿ. ‘ಅ’ ಭಾಗದಲ್ಲಿ, ಇಂಥ ತಾಲ್ಲೂಕಿನ ಇಂಥ ಉಪನಾಲೆಯ ಉದ್ದ ಎಷ್ಟು, ಅಚ್ಚುಕಟ್ಟು ಎಷ್ಟು ಎಕರೆ ಅಂತ ಕೇಳಿ. ‘ಆ’ ಭಾಗದಲ್ಲಿ, ಕಳೆದ ಮೂರು ವರ್ಷಗಳಲ್ಲಿ ಪ್ರತಿ ಕಟ್ಟು ನೀರು ಬಿಟ್ಟಾಗ ಕೊನೆಯ ಭಾಗದ ಎಷ್ಟು ಎಕರೆಗೆ ನೀರು ತಲುಪಿದೆ, ವರ್ಷವಾರು ವಿವರ ನೀಡುವುದು ಅಂತ ಬರೆಯಿರಿ. ‘ಇ’ ಭಾಗದಲ್ಲಿ, ಅದೇ ಮೂರು ವರ್ಷಗಳಲ್ಲಿ ಆ ನಾಲೆಯ ಹೂಳೆತ್ತಲು ಮತ್ತು ದುರಸ್ತಿಗೆ ಖರ್ಚಾದ ಹಣ ಎಷ್ಟು, ಕೆಲಸ ಯಾವ ಸರಪಳಿಯಿಂದ (ನಾಲೆಯ ಉದ್ದದ ಅಳತೆಯ ಗುರುತು) ಯಾವ ಸರಪಳಿವರೆಗೆ ಆಗಿದೆ ಅಂತ ಕೇಳಿ. ‘ಈ’ ಭಾಗದಲ್ಲಿ, ಬಾಕಿ ಉಳಿದ ಕೆಲಸಕ್ಕೆ ಅಂದಾಜು ಪಟ್ಟಿ ತಯಾರಾಗಿದೆಯೇ, ಆಗಿದ್ದರೆ ಮೊತ್ತ ಎಷ್ಟು, ಯಾವ ಕಾಲಮಿತಿಯಲ್ಲಿ ಮುಗಿಸಲಾಗುವುದು ಅನ್ನುವುದು ಬರಲಿ. ಇದಕ್ಕೆ ‘ಬಂದಿದೆ’ ಅಂತ ಉತ್ತರಿಸಲು ಆಗುವುದಿಲ್ಲ. ಎಕರೆ ಹೇಳಬೇಕು, ರೂಪಾಯಿ ಹೇಳಬೇಕು.

ಕಾವೇರಿ ನೀರು ಹಂಚಿಕೆಯ ಮಾತನ್ನು ಅದರಲ್ಲಿ ಸೇರಿಸಬೇಡಿ. ತಮಿಳುನಾಡಿಗೆ ಎಷ್ಟು ಬಿಟ್ಟರು, ನಮಗೆ ಎಷ್ಟು ಉಳಿಯಿತು ಅನ್ನುವುದು ಮಂಡ್ಯದವರ ಎದೆಯ ವಿಷಯ, ನನಗೆ ಅರ್ಥವಾಗುತ್ತದೆ. ಕೆ.ಆರ್.ಎಸ್. ಅಣೆಕಟ್ಟು ತುಂಬಿ 124.80 ಅಡಿ ಮುಟ್ಟಿತಾ ಅಂತ ನಾನೂ ಮಳೆಗಾಲದಲ್ಲಿ ದಿನಾ ಬೆಳಗ್ಗೆ ನೋಡುವವನೇ. ಆದರೆ ಆ ವಿಷಯ ಮತ್ತೆ ಮತ್ತೆ ಕೋರ್ಟಿಗೆ ಹೋಗುತ್ತಿರುತ್ತದೆ, ಬೇರೆ ರಾಜ್ಯವೂ ಸೇರಿರುತ್ತದೆ. ಅದನ್ನು ಬೆರೆಸಿದರೆ ಪ್ರಶ್ನೆ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಉಪನಾಲೆಯಲ್ಲಿ ಹೂಳು ತುಂಬಿದ್ದು ಪೂರ್ತಿ ನಮ್ಮ ರಾಜ್ಯದ ಮನೆಗೆಲಸ. ಅದನ್ನಷ್ಟೇ ಕೇಳಿ.

ಇನ್ನೊಂದು ಉಪಾಯವಿದೆ. ಅಧಿವೇಶನಕ್ಕೆ ಎರಡು ತಿಂಗಳು ಮುಂಚೆಯೇ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಬರಬೇಕು. ದುರಸ್ತಿಗೆ ಎಷ್ಟು ಖರ್ಚಾಯಿತು ಅನ್ನುವ ಕಾಗದ ಕೈಯಲ್ಲಿದ್ದರೆ ಶಾಸಕರ ಉಪಪ್ರಶ್ನೆ ಗಟ್ಟಿಯಾಗುತ್ತದೆ. ಕಚೇರಿ ನಿಮಗೆ ಒಂದು ಲೆಕ್ಕ ಕೊಟ್ಟು ಸದನಕ್ಕೆ ಇನ್ನೊಂದು ಲೆಕ್ಕ ಕೊಟ್ಟರೆ ಅದು ಸಣ್ಣ ಸಂಗತಿಯಲ್ಲ. ಸದನಕ್ಕೆ ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ, ಪ್ರಶ್ನೆ ಏಳುತ್ತದೆ. ಅಧಿಕಾರಿಗಳು ಆ ಮಾತಿಗೆ ನಿಜಕ್ಕೂ ಹೆದರುತ್ತಾರೆ.

ಪ್ರಶ್ನೆಗಳ ಶಾಖೆ ಹೀಗೆ ಓಡುತ್ತಿರುವಾಗ ಉಳಿದ ಕಡೆಯೂ ಗದ್ದಲವೇ. ಸಂಸದೀಯ ವ್ಯವಹಾರಗಳ ಇಲಾಖೆ ಎಲ್ಲ ಇಲಾಖೆಗಳಿಗೂ ‘ಯಾವ ಮಸೂದೆ ತರುತ್ತೀರಿ’ ಅಂತ ಕೇಳುತ್ತದೆ. ಇಲಾಖೆ ಕರಡು ಮಾಡಿ, ಕಾನೂನು ಇಲಾಖೆ ತಿದ್ದಿ, ಸಂಪುಟ ಒಪ್ಪಿದ ಮೇಲೆ ಅದು ಸದನಕ್ಕೆ ಬರಬೇಕು. ಹಣಕಾಸು ಮಸೂದೆಯಾದರೆ ರಾಜ್ಯಪಾಲರ ಶಿಫಾರಸು ಬೇರೆ ಬೇಕು. ಸದನ ಇಲ್ಲದಾಗ ಹೊರಡಿಸಿದ ಸುಗ್ರೀವಾಜ್ಞೆಗಳು ಇದ್ದರೆ ಅವುಗಳಿಗೆ ಮೊದಲ ಸಾಲು. ಸದನ ಮತ್ತೆ ಸೇರಿದ ದಿನದಿಂದ ಆರು ವಾರದಲ್ಲಿ ಅವು ಬಿದ್ದುಹೋಗುತ್ತವೆ. ಕೊನೆಯ ಗಳಿಗೆಯಲ್ಲಿ ಬಂದ ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅದರ ಬೇರು ಈ ತಯಾರಿಯ ವಾರಗಳಲ್ಲೇ ಇದೆ. ಪ್ರತಿ ಮನೆಗೂ ತಟ್ಟುವ ಕಾನೂನಿನ ಮಸೂದೆ ಸದಸ್ಯರ ಕೈಗೆ ಹಿಂದಿನ ರಾತ್ರಿ ಸಿಕ್ಕರೆ ಅವರು ಓದುವುದು ಯಾವಾಗ, ಮಾತಾಡುವುದು ಏನು?

ಪಕ್ಷಗಳು ಶಾಸಕಾಂಗ ಪಕ್ಷದ ಸಭೆ ಮಾಡುತ್ತವೆ. ಯಾರು ಯಾವ ವಿಷಯ ಮಾತಾಡಬೇಕು ಅಂತ ಹಂಚಿಕೊಳ್ಳುತ್ತಾರೆ. ಸಭಾಧ್ಯಕ್ಷರ ನೇತೃತ್ವದಲ್ಲಿ ಕಲಾಪ ಸಲಹಾ ಸಮಿತಿ ಕೂತು ಯಾವುದಕ್ಕೆ ಎಷ್ಟು ಸಮಯ ಅಂತ ನಿರ್ಧರಿಸುತ್ತದೆ. ಮಾರ್ಷಲ್‌ಗಳು, ಪೊಲೀಸರು, ಮೈಕ್ ನೋಡುವವರು, ಮಾತನ್ನೆಲ್ಲ ಬರೆದುಕೊಳ್ಳುವ ವರದಿಗಾರರು ಎಲ್ಲರ ಸರದಿಯೂ ಬರೆದಾಗಿರುತ್ತದೆ. ಹಿಂದಿನ ಅಧಿವೇಶನದ ನಂತರ ತೀರಿಕೊಂಡ ಗಣ್ಯರ ವಿವರ ಕಲೆಹಾಕುವುದೂ ಒಂದು ಕೆಲಸ. ಸಂತಾಪ ಸೂಚನೆಯಲ್ಲಿ ಒಂದು ಹುಟ್ಟಿದ ಊರು ತಪ್ಪಾದರೂ ಆ ಮನೆಯವರಿಗೆ ನೋವಾಗುತ್ತದೆ ಅಂತ ನಮ್ಮ ಹಿರಿಯರೊಬ್ಬರು ಮೂರು ಸಲ ಓದಿಸುತ್ತಿದ್ದರು.

ವರ್ಷದ ಮೊದಲ ಅಧಿವೇಶನವಾದರೆ ಕೆಲಸ ದುಪ್ಪಟ್ಟು. 176ನೇ ವಿಧಿಯಂತೆ ರಾಜ್ಯಪಾಲರು ಎರಡೂ ಸದನ ಸೇರಿದ ಸಭೆಯಲ್ಲಿ ಭಾಷಣ ಮಾಡಬೇಕು. ಆ ಭಾಷಣ ಸರ್ಕಾರದ್ದು. ಪ್ರತಿ ಇಲಾಖೆಯೂ ತನ್ನ ಪ್ಯಾರಾ ಕಳಿಸುತ್ತದೆ, ಸಂಪುಟ ಒಪ್ಪುತ್ತದೆ. ಹೊಸದಾಗಿ ಚುನಾವಣೆ ಆಗಿದ್ದರೆ ಅದಕ್ಕೂ ಮೊದಲು ಪ್ರಮಾಣವಚನ. 2023ರಲ್ಲಿ ಮೇ 22ರಿಂದ 24ರವರೆಗೆ ಮೂರು ದಿನ ಅದಕ್ಕೇ ಸದನ ಸೇರಿತ್ತು. ಹಂಗಾಮಿ ಸಭಾಧ್ಯಕ್ಷರಾಗಿ ಆರ್.ವಿ. ದೇಶಪಾಂಡೆ ಪ್ರಮಾಣವಚನ ಬೋಧಿಸಿದರು, ಕೊನೆಯ ದಿನ ಯು.ಟಿ. ಖಾದರ್ ಸಭಾಧ್ಯಕ್ಷರಾದರು. ರಾಜ್ಯಪಾಲರ ಭಾಷಣ, ಬಜೆಟ್ ಎಲ್ಲ ಜುಲೈಗೆ ಬಂದವು.

ಬಜೆಟ್ ಅಂದಾಗ ನಿಮಗೆ ಬೇಕಾದ ಒಂದು ಮಾತಿದೆ. ನಾಲೆಗೆ ಕಾಂಕ್ರೀಟ್ ಹಾಕಿಸುವಂಥ ದೊಡ್ಡ ಕೆಲಸ ನಿಮ್ಮ ಮನಸ್ಸಿನಲ್ಲಿದ್ದರೆ ಮಾರ್ಚ್ ತಿಂಗಳಲ್ಲಿ ಕೇಳಿ ಉಪಯೋಗವಿಲ್ಲ. ಅಂದಾಜು ಪಟ್ಟಿ ಆಗಬೇಕು, ಅದಕ್ಕೆ ತಾಂತ್ರಿಕ ಒಪ್ಪಿಗೆ ಬೇಕು, ಇಲಾಖೆ ತನ್ನ ಬೇಡಿಕೆಯಲ್ಲಿ ಸೇರಿಸಿ ಹಣಕಾಸು ಇಲಾಖೆಗೆ ಕಳಿಸಬೇಕು. ಚಳಿಗಾಲ ಮುಗಿಯುವಷ್ಟರಲ್ಲಿ ಇಲಾಖಾವಾರು ಬಜೆಟ್ ಪೂರ್ವಭಾವಿ ಸಭೆಗಳು ನಡೆದುಹೋಗಿರುತ್ತವೆ. ಆದ್ದರಿಂದ ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೇ ಎಂಜಿನಿಯರ್ ಕಚೇರಿಯಲ್ಲಿ ನಿಮ್ಮ ನಾಲೆಯ ಅಂದಾಜು ಪಟ್ಟಿ ಇದೆಯೋ ಇಲ್ಲವೋ ನೋಡಿಕೊಳ್ಳಿ.

ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವುದು ರೂಢಿ. ಆ ಕಟ್ಟಡ 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಅಲ್ಲಿ ಅಂದರೆ ಕಡತ, ಸಿಬ್ಬಂದಿ, ವಸತಿ ಎಲ್ಲ ಹೊತ್ತುಕೊಂಡು ಹೋಗಬೇಕು. ಮಂಡ್ಯದಿಂದ 500 ಕಿ.ಮೀ.ಗೂ ಜಾಸ್ತಿ. ಆ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ವಿಷಯಗಳಿಗೆ ಹೆಚ್ಚು ಸಮಯ ಮೀಸಲಿಡುತ್ತಾರೆ, ಅದು ನ್ಯಾಯವೇ. ಆದರೂ ಲಿಖಿತ ಪ್ರಶ್ನೆಗೆ ಅಲ್ಲಿ ಅಡ್ಡಿಯಿಲ್ಲ.

ಈಗ ಆ ಉಳಿದರ್ಧ. ಗಡುವು ಮುಗಿದ ಮೇಲೂ ಶಾಸಕರು ಗಮನ ಸೆಳೆಯುವ ಸೂಚನೆ ಕೊಡಬಹುದು. ತುರ್ತು ವಿಷಯಗಳನ್ನು ಎತ್ತುವ ಶೂನ್ಯ ವೇಳೆಯಲ್ಲಿ ಪ್ರಸ್ತಾಪಿಸಬಹುದು. ವಿಷಯ ಇಡೀ ಜಿಲ್ಲೆಗೆ ತಟ್ಟುವಂಥದ್ದಾದರೆ ವಿಧಾನಸಭೆಯ ನಿಯಮ 60ರಲ್ಲಿ ನಿಲುವಳಿ ಸೂಚನೆ, ಅಂದರೆ ಉಳಿದ ಕಲಾಪ ನಿಲ್ಲಿಸಿ ಇದನ್ನೇ ಚರ್ಚಿಸಿ ಅನ್ನುವ ಸೂಚನೆ, ತರುತ್ತಾರೆ. ಸಭಾಧ್ಯಕ್ಷರು ಎಷ್ಟೋ ಸಲ ಅದನ್ನು ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಅವಕಾಶ ಕೊಡುತ್ತಾರೆ. ಪೇಪರ್‌ನಲ್ಲಿ ‘69ರಡಿ ಚರ್ಚೆ’ ಅಂತ ಓದಿರುತ್ತೀರಿ, ಅದು ಇದೇ. ಒಂದೇ ಊರಿನ ಉಪನಾಲೆ ಅಲ್ಲಿಗೆ ಏರುವುದು ಕಷ್ಟ. ಕೊನೆ ಭಾಗದ ಹತ್ತಾರು ಊರುಗಳ ಕಥೆ ಒಟ್ಟಿಗೆ ಕಟ್ಟಿಕೊಟ್ಟರೆ ಏರಬಹುದು. ಜನರ ಅಹವಾಲಿಗೆ ಅಂತಲೇ ವಿಧಾನಸಭೆಯಲ್ಲಿ ಅರ್ಜಿಗಳ ಸಮಿತಿಯೂ ಇದೆ. ಸದನ ನಡೆಯದ ದಿನಗಳಲ್ಲೂ ಅದು ಕೆಲಸ ಮಾಡುತ್ತದೆ, ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ.

ಯಾವತ್ತಾದರೂ ನಿಮ್ಮ ಕ್ಷೇತ್ರದ ಶಾಸಕರು ಸಚಿವರಾದರೆ ಅವರು ಪ್ರಶ್ನೆ ಹಾಕುವುದಿಲ್ಲ. ಆಗ ಪರಿಷತ್ತಿನ ಸದಸ್ಯರ ಹತ್ತಿರ ಹೋಗಿ. ಇದು ತುಂಬಾ ಜನಕ್ಕೆ ಹೊಳೆಯುವುದೇ ಇಲ್ಲ. ಮಂಡ್ಯಕ್ಕೆ ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಹೋದವರಿದ್ದಾರೆ. ದಕ್ಷಿಣ ಪದವೀಧರರ ಕ್ಷೇತ್ರ, ದಕ್ಷಿಣ ಶಿಕ್ಷಕರ ಕ್ಷೇತ್ರದಲ್ಲೂ ಮಂಡ್ಯ, ಮೈಸೂರು ಸೇರಿವೆ. ನಿಮ್ಮ ಮಕ್ಕಳು ಪದವೀಧರರಾಗಿ ಅಲ್ಲಿ ಮತದಾರರಾಗಿದ್ದರೆ ಅವರೇ ಹೋಗಿ ಕೇಳಲಿ.

ಮೈಸೂರಿನಲ್ಲಿ ದೊಡ್ಡ ಗಡಿಯಾರದ ಪಕ್ಕ ರಂಗಾಚಾರ್ಲು ಪುರಭವನ ಇದೆಯಲ್ಲ, ಅದರ ಮುಂದೆ ಹೋಗುವಾಗಲೆಲ್ಲ ನನಗೆ 1881 ನೆನಪಾಗುತ್ತದೆ. ಆ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಸಲ ಸೇರಿಸಿದರು. 144 ಪ್ರತಿನಿಧಿಗಳು. ದಸರೆಗೆ ಬಂದವರು ಹಬ್ಬ ಮುಗಿಸಿಕೊಂಡು ಸಭೆಗೆ ಕೂರುತ್ತಿದ್ದರು. ದಿವಾನರು ಸಂಸ್ಥಾನದ ಆದಾಯ, ಖರ್ಚು ಓದಿ ಹೇಳುತ್ತಿದ್ದರು. ತಾಲ್ಲೂಕುಗಳಿಂದ ಬಂದವರು ತಮ್ಮ ಅಹವಾಲು ಹೇಳಿಕೊಳ್ಳುತ್ತಿದ್ದರು. ಅವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೂ ವರ್ಷಕ್ಕೊಮ್ಮೆ ಸಿಗುವ ಆ ದಿನಕ್ಕೆ ತಾಲ್ಲೂಕಿನ ಮಾತು ಹೊತ್ತುಕೊಂಡು ಮೈಸೂರಿಗೆ ಬರುತ್ತಿದ್ದರು. ಈಗ ನಿಮಗೆ ಅವರಿಗಿಂತ ಎಷ್ಟೋ ಜಾಸ್ತಿ ಹಕ್ಕಿದೆ. ಮಂಡ್ಯ ಜಿಲ್ಲೆಗೆ ಏಳು ಶಾಸಕರು, ಮೈಸೂರು ಜಿಲ್ಲೆಗೆ ಹನ್ನೊಂದು.

ಉತ್ತರ ಬಂದ ಮೇಲಿನ ಕೆಲಸ ಮರೆಯಬೇಡಿ. ಅದರ ಒಂದು ಪ್ರತಿ ನಿಮ್ಮ ಶಾಸಕರ ಹತ್ತಿರ ಸಿಗುತ್ತದೆ, ವಿಧಾನಸಭೆಯ ಜಾಲತಾಣದಲ್ಲೂ ಹಾಕುತ್ತಾರೆ. ‘ಮುಂಬರುವ ಬೇಸಿಗೆಯಲ್ಲಿ ಹೂಳೆತ್ತಲಾಗುವುದು’ ಅಂತ ಸಚಿವರು ಸದನದಲ್ಲಿ ಹೇಳಿದರೆ ಅದು ಭರವಸೆ. ಅದನ್ನು ಪಟ್ಟಿ ಮಾಡಿ, ಈಡೇರಿತೋ ಇಲ್ಲವೋ ನೋಡುವುದಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಇದೆ. ಬೇಸಿಗೆ ಕಳೆದರೂ ಕೆಲಸ ಆಗದಿದ್ದರೆ ಮುಂದಿನ ಅಧಿವೇಶನಕ್ಕೆ ಮುಂಚೆ ಅದೇ ಉತ್ತರದ ತಾರೀಕು, ಪ್ರಶ್ನೆಯ ಸಂಖ್ಯೆ ಬರೆದು ಶಾಸಕರ ಕೈಗೆ ಕೊಡಿ.

ಕಲಾಪ ನೋಡಬೇಕು ಅನ್ನಿಸಿದರೆ ಅದೂ ಆಗುತ್ತದೆ. ಶಾಸಕರ ಮೂಲಕ ಪ್ರೇಕ್ಷಕರ ಗ್ಯಾಲರಿಗೆ ಪಾಸ್ ಮಾಡಿಸಿಕೊಳ್ಳಿ, ಗುರುತಿನ ಚೀಟಿ ಜೊತೆಗಿರಲಿ. ಜಲಸಂಪನ್ಮೂಲ ಇಲಾಖೆಯ ಸರದಿ ಇರುವ ದಿನವೇ ಬನ್ನಿ. ಮಂಡ್ಯದಿಂದ ಬೆಳಗಿನ ಮೊದಲ ರೈಲು ಹಿಡಿಯಿರಿ, ಯಾಕೆಂದರೆ ಪ್ರಶ್ನೋತ್ತರ ಇರುವುದು ದಿನದ ಮೊದಲ ಭಾಗದಲ್ಲಿ.